ಪರಾಗದ ನಕ್ಷೆ ಓದುವುದು ಹೇಗೆ?

ಸರೋವರದ ತಳದ ಕೆಸರಿನಲ್ಲಿ ಸಾವಿರಾರು ವರ್ಷ ಹಳೆಯ ಪರಾಗದ ಕಣಗಳು ಹಾಗೇ ಉಳಿದಿರುತ್ತವೆ, ಏಕೆಂದರೆ ಅವುಗಳ ಹೊರಗೋಡೆ ಅಷ್ಟು ಗಟ್ಟಿ. ಗಾಳಿ ಸೇರದ ಕಡೆ ಅದು ಕೊಳೆಯುವುದೇ ಇಲ್ಲ ಅನ್ನಬಹುದು. ಆಗ ಯಾವ ಗಿಡಗಳಿದ್ದವು, ಹವೆ ಹೇಗೆ ಬದಲಾಯಿತು ಅಂತ ತಿಳಿಯಲು ಅವನ್ನು ಎಣಿಸಿ ಬರೆದ ನಕ್ಷೆಯನ್ನು 1916ರಲ್ಲಿ ಸ್ವೀಡನ್ನಿನ ಭೂವಿಜ್ಞಾನಿ ಲೆನಾರ್ಟ್ ಫಾನ್ ಪೋಸ್ಟ್ ಜನರ ಮುಂದಿಟ್ಟರು. ನೋಡಿದ ತಕ್ಷಣ ತಲೆ ತಿರುಗುತ್ತದೆ ನಿಜ, ಆದರೆ ಕ್ರಮವಾಗಿ ನೋಡಿದರೆ ಯಾರು ಬೇಕಾದರೂ ಓದಬಹುದು.

ಮೊದಲು ಎಡಗಡೆಗೆ ಹೋಗಿ. ಅಲ್ಲಿ ಆಳ ಇರುತ್ತದೆ, ಪಕ್ಕದಲ್ಲಿ ವಯಸ್ಸು. ಕೆಳಗಿನದು ಹಳೆಯದು, ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಬಣ್ಣಬಣ್ಣದ ಗೆರೆಗಳ ಕಡೆ ಕಣ್ಣು ಹಾಯಿಸುವ ಮುಂಚೆ ಆ ವಯಸ್ಸು ಎಲ್ಲಿಂದ ಬಂತು ಅಂತ ಹುಡುಕಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಗಿಡದಲ್ಲಿ ಉಳಿದ ವಿಕಿರಣಶೀಲ ಇಂಗಾಲ ಅಳೆದು ವಯಸ್ಸು ಹೇಳುವ ರೇಡಿಯೋಕಾರ್ಬನ್ ವಿಧಾನ ಸುಮಾರು 50,000 ವರ್ಷದವರೆಗೆ ಮಾತ್ರ ಕೆಲಸ ಮಾಡುತ್ತದೆ. ಸುಣ್ಣದ ಕಲ್ಲಿನ ಪ್ರದೇಶದ ಸರೋವರಗಳಲ್ಲಿ ನೀರೊಳಗಿನ ಗಿಡಗಳು ಹಳೆಯ ಇಂಗಾಲ ಹೀರಿಕೊಂಡು ಇರುವುದಕ್ಕಿಂತ ಜಾಸ್ತಿ ವಯಸ್ಸು ತೋರಿಸುತ್ತವೆ, ಅದಕ್ಕೇ ನೆಲದ ಗಿಡದ ಎಲೆ ಅಥವಾ ಬೀಜದಿಂದ ತೆಗೆದ ವಯಸ್ಸನ್ನು ಹೆಚ್ಚು ನಂಬಬಹುದು. ಜಪಾನಿನ ಸುಯಿಗೆಟ್ಸು ಸರೋವರದಂಥ ಕಡೆ ವರ್ಷಕ್ಕೊಂದು ಪದರ ಕೂತಿದೆ, ಅಲ್ಲಿ ಪದರಗಳನ್ನೇ ಎಣಿಸಬಹುದು. ಇಡೀ ನಕ್ಷೆಗೆ ಎರಡೇ ವಯಸ್ಸು ಕೊಟ್ಟಿದ್ದರೆ ಮಿಕ್ಕಿದ್ದೆಲ್ಲ ಅಂದಾಜು. ಅಂಥದ್ದರಲ್ಲಿ ಹವೆ ಮತ್ತೆ ಮತ್ತೆ ಬದಲಾಗುವ ಚಕ್ರ ಹುಡುಕಬೇಡಿ.

ಇನ್ನು ಗೆರೆಗಳು. ಒಂದೊಂದು ಗೆರೆ ಒಂದೊಂದು ಗಿಡದ ಪಾಲು, ಶೇಕಡಾ ಲೆಕ್ಕದಲ್ಲಿ. ಸಾಮಾನ್ಯವಾಗಿ ಮರಗಳು ಒಂದು ಕಡೆ, ಹುಲ್ಲು ಮತ್ತು ಸಣ್ಣ ಗಿಡಗಳು ಇನ್ನೊಂದು ಕಡೆ. ಎಲ್ಲ ಸೇರಿ ನೂರೇ ಆಗಬೇಕಲ್ವಾ, ಹಾಗಾಗಿ ಹುಲ್ಲು ಏರಿದರೆ ಓಕ್ ಕಡಿಮೆಯಾಗದಿದ್ದರೂ ಅದರ ಗೆರೆ ಇಳಿಯುತ್ತದೆ. ಈ ಮೋಸ ತಪ್ಪಿಸಲು ಪ್ರಯೋಗಾಲಯದಲ್ಲಿ ಎಷ್ಟಿವೆ ಅಂತ ಮೊದಲೇ ಗೊತ್ತಿರುವ, ಲೈಕೋಪೋಡಿಯಂ ಎಂಬ ಗಿಡದ ಬೀಜಾಣುಗಳನ್ನು ಕೆಸರಿಗೆ ಬೆರೆಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಅವು ಎಷ್ಟು ಸಿಕ್ಕವು ಅಂತ ನೋಡಿ, ಪರಾಗ ನಿಜಕ್ಕೂ ಎಷ್ಟಿತ್ತು ಅಂತ ಲೆಕ್ಕ ಹಾಕಬಹುದು. ಆ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ನೋಡಿ. ಒಂದೊಂದು ಪದರದಲ್ಲಿ ಎಷ್ಟು ಕಣ ಎಣಿಸಿದ್ದಾರೆ ಅಂತಲೂ ನೋಡಿ. 300 ದಾಟಿದ್ದರೆ ಸಮಾಧಾನ.

ಪೈನ್ ಮರದ ಕಣಕ್ಕೆ ಎರಡು ಗಾಳಿಚೀಲ ಇರುತ್ತವೆ, ಅದು ತುಂಬಾ ದೂರ ಹಾರುತ್ತದೆ. ಹಾಗಾಗಿ ಸ್ವಲ್ಪ ಪೈನ್ ಪರಾಗ ಕಂಡ ಮಾತ್ರಕ್ಕೆ ಪಕ್ಕದಲ್ಲೇ ಕಾಡಿತ್ತು ಅನ್ನುವಂತಿಲ್ಲ. ದುಂಬಿ, ಜೇನು ನೆಚ್ಚಿಕೊಂಡ ಹೂಗಳದ್ದು ಉಲ್ಟಾ, ಅವು ಹೇರಳವಾಗಿದ್ದರೂ ಕೆಸರಿನಲ್ಲಿ ಕಾಣುವುದು ಕಡಿಮೆ.

ಯುರೋಪಿನ ನಕ್ಷೆಗಳಲ್ಲಿ ಮರಗಳ ಪರಾಗ ಕುಸಿದು ಆರ್ಟಿಮೀಸಿಯ ಎಂಬ ಬಯಲಿನ ಗಿಡ ಮತ್ತು ಹುಲ್ಲು ಏರಿದರೆ ಚಳಿ ಮತ್ತು ಒಣ ಹವೆ ಇತ್ತು ಅಂತ ಸಾಮಾನ್ಯವಾಗಿ ಓದುತ್ತಾರೆ. ಆದರೆ ಎಲ್ಲ ಕುಸಿತಕ್ಕೂ ಹವೆಯೇ ಕಾರಣ ಅಲ್ಲ. ವಾಯವ್ಯ ಯುರೋಪಿನಲ್ಲಿ ಸುಮಾರು 6,000 ವರ್ಷದ ಹಿಂದೆ ಎಲ್ಮ್ ಮರ ದಿಢೀರನೆ ಇಳಿಯಿತು, ಅದಕ್ಕೆ ರೋಗ, ಬೇಸಾಯ ಎರಡರ ಮೇಲೂ ಅನುಮಾನ ಇದೆ. ಧಾನ್ಯದ ಪರಾಗ, ಇದ್ದಿಲಿನ ಚೂರು ಅದೇ ಪದರದಲ್ಲಿ ಇದ್ದರೆ ಮನುಷ್ಯರ ಕೈವಾಡ ಇರಬಹುದು.

ಚಕ್ರ ಕಾಣಬೇಕಾದರೆ ಉದ್ದದ ದಾಖಲೆ ಬೇಕೇ ಬೇಕು. ಹವೆಯ ದೊಡ್ಡ ಚಕ್ರಗಳು ಭೂಮಿಯ ಚಲನೆಗೆ ಅಂಟಿಕೊಂಡಿವೆ: ಭೂಮಿಯ ಕಕ್ಷೆಯ ಆಕಾರ ಸುಮಾರು 1,00,000 ವರ್ಷಕ್ಕೊಮ್ಮೆ, ಅಕ್ಷದ ಓರೆ 41,000 ವರ್ಷಕ್ಕೊಮ್ಮೆ ಬದಲಾಗುತ್ತದೆ. ಅಕ್ಷದ ತೂಗಾಟ 19,000 ಮತ್ತು 23,000 ವರ್ಷದ ಲಯದಲ್ಲಿ ಕಾಣುತ್ತದೆ. ಈ ಲಯಗಳು ಸಮುದ್ರ ತಳದ ಕೆಸರಿನಲ್ಲಿವೆ ಅಂತ 1976ರಲ್ಲಿ ಹೇಸ್, ಇಂಬ್ರಿ, ಶಾಕಲ್‌ಟನ್ ಎಂಬ ವಿಜ್ಞಾನಿಗಳು ತೋರಿಸಿದರು. ಗ್ರೀಸಿನ ಟೆನಾಘಿ ಫಿಲಿಪ್ಪೊನ್ ಜೌಗಿನ ಪರಾಗ 13 ಲಕ್ಷ ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ, ಹಿಮಯುಗ ಮುಗಿದಾಗೆಲ್ಲ ಕಾಡು ಮರಳಿ ಬಂದದ್ದು ಅಲ್ಲಿ ಕಾಣುತ್ತದೆ. ಒಂದು ಎಚ್ಚರಿಕೆ: ಕೆಲವು ನಕ್ಷೆಗಳಲ್ಲಿ ವಯಸ್ಸನ್ನೇ ಕಕ್ಷೆಯ ಲಯಕ್ಕೆ ಹೊಂದಿಸಿರುತ್ತಾರೆ. ಆಮೇಲೆ ಅದರಲ್ಲೇ ಆ ಲಯ ಸಿಕ್ಕಿದರೆ ಅದು ಪುರಾವೆ ಆಗುವುದಿಲ್ಲ.

ಅಭ್ಯಾಸಕ್ಕೆ ನಿಯೋಟೋಮಾ ಎಂಬ ಮುಕ್ತ ದತ್ತಾಂಶ ಸಂಗ್ರಹದಿಂದ ಯುರೋಪಿನ, ಕಳೆದ 15,000 ವರ್ಷದ ಒಂದು ದಾಖಲೆ ತೆಗೆದುಕೊಳ್ಳಿ. 12,900ರಿಂದ 11,700 ವರ್ಷದ ಹಿಂದಿನ ಭಾಗಕ್ಕೆ ಹೋಗಿ, ಯಂಗರ್ ಡ್ರಯಾಸ್ ಎಂಬ ಚಳಿಯ ಕಾಲಘಟ್ಟ ಅದು. ಅಲ್ಲಿ ಆರ್ಟಿಮೀಸಿಯ ಏರಿದೆಯಾ, ಮರಗಳ ಗೆರೆ ಇಳಿದಿದೆಯಾ, 11,700 ದಾಟಿದ ಮೇಲೆ ಮೊದಲು ಯಾವ ಮರ ಏರಿತು ಅಂತ ನೀವೇ ಗುರುತು ಹಾಕಿಕೊಳ್ಳಿ, ಆ ದಾಖಲೆ ಮಾಡಿದವರ ವಿವರಣೆ ಓದುವುದು ಆಮೇಲೆ.