ಮನೆಯ ಕಂಪ್ಯೂಟರುಗಳಿಗೆ ಬೀಗ ಹಾಕಿದ ಬ್ಯಾಕಪ್: ಮಾಡುವುದು ಹೇಗೆ?

ಕಳೆದ ಅಕ್ಟೋಬರಿನ ಒಂದು ಸಂಜೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇರುವ ನಮ್ಮ ಮನೆಯ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ರೂಟರಿಗೆ ಕೇಬಲ್ ಸಿಕ್ಕಿಸುವ ಜಾಗ ಕರ್ರಗೆ ಸುಟ್ಟಿತ್ತು. ಕಂಪ್ಯೂಟರ್ ಹೋಯಿತು, ಅದಕ್ಕೆ ಸಿಕ್ಕಿಸಿಯೇ ಇಟ್ಟಿದ್ದ ಬ್ಯಾಕಪ್ ಡಿಸ್ಕೂ ಹೋಯಿತು. ಅಜ್ಜ ತಾಳಮದ್ದಳೆಯಲ್ಲಿ ಅರ್ಥ ಹೇಳಿದ ರೆಕಾರ್ಡಿಂಗ್ ಇದ್ದದ್ದು ಅವೆರಡರಲ್ಲಿ ಮಾತ್ರ.

ಹಾಗಾಗಿ ಒಂದು ಪ್ರತಿ ಬೇರೆ ಮನೆಯಲ್ಲೇ ಇರಬೇಕು. ಆದರೆ ಆಧಾರ್, ಪಾಸ್‌ಬುಕ್, 1956ಕ್ಕೆ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ ಪಾಲುಪಟ್ಟಿಯ ಸ್ಕ್ಯಾನ್, ಎಲ್ಲಾ ಇರುವ ಡಿಸ್ಕನ್ನು ಇನ್ನೊಬ್ಬರ ಕೈಗೆ ಸುಮ್ನೆ ಕೊಡಲು ಮನಸ್ಸು ಬರುವುದಿಲ್ಲ, ಅಲ್ವಾ? ಎನ್‌ಕ್ರಿಪ್ಟ್ ಮಾಡಿದರೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರಿಗೂ ಓದಲು ಆಗದಂತೆ ಬದಲಿಸಿದರೆ, ಆ ಹೆದರಿಕೆ ಇಲ್ಲ.

ಮೊದಲು, ಮನೆಯ ಎಲ್ಲಾ ಕಂಪ್ಯೂಟರುಗಳ ಬ್ಯಾಕಪ್ ಬಂದು ಸೇರಲು ಒಂದು ಹಳೆಯ ಲ್ಯಾಪ್‌ಟಾಪ್ ಹುಡುಕಿ. 1 ಟಿಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿ ಬೇರೆ ಕೋಣೆಯಲ್ಲಿಡಿ. ಮುಚ್ಚಿದರೂ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ. ರೂಟರಿನಲ್ಲಿ ಅದಕ್ಕೆ ಯಾವಾಗಲೂ ಒಂದೇ ಐಪಿ ವಿಳಾಸ (ಮನೆಯ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಗುವಂತೆ ಮಾಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಬ್ಯಾಕಪ್ ನಿಂತುಹೋಗಬಹುದು, ಅದು ನಿಮಗೆ ಗೊತ್ತೂ ಆಗುವುದಿಲ್ಲ. ಡಿಸ್ಕಿನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ, ಬ್ಯಾಕಪ್‌ಗೆಂದೇ ಬೇರೆ ಯೂಸರ್ ಮಾಡಿ. ಆ ಫೋಲ್ಡರನ್ನು ಉಳಿದ ಕಂಪ್ಯೂಟರುಗಳಲ್ಲಿ ಡ್ರೈವ್ ಆಗಿ ಕಾಣುವಂತೆ ಇಡಬೇಡಿ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಕಾಣುವ ಡ್ರೈವುಗಳನ್ನೂ ಹಾಳುಮಾಡುತ್ತದೆ.

ಇನ್ನು ಪ್ರತಿ ಕಂಪ್ಯೂಟರಿಗೂ ಡುಪ್ಲಿಕಾಟಿ ಹಾಕಿ. ಇದು ಬ್ಯಾಕಪ್ ಮಾಡುವ ಉಚಿತ ಸಾಫ್ಟ್‌ವೇರ್, ಬ್ರೌಸರಿನಲ್ಲೇ ತೆರೆಯುತ್ತದೆ. ಹೊಸ ಬ್ಯಾಕಪ್‌ಗೆ ಹೆಸರು ಕೊಟ್ಟು ಎಇಎಸ್-256 ಎನ್‌ಕ್ರಿಪ್ಶನ್ ಆರಿಸಿ. ಆಮೇಲೆ ಪಾಸ್‌ವರ್ಡ್.

ಇಲ್ಲಿ ಸ್ವಲ್ಪ ನಿಲ್ಲಿ. ಈ ಪಾಸ್‌ವರ್ಡ್ ಮರೆತರೆ ಡುಪ್ಲಿಕಾಟಿ ಮಾಡಿದವರಿಂದಲೂ ಆ ಬೀಗ ತೆಗೆಯಲು ಆಗುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದ ಸೇರಿಸಿ ಉದ್ದ ಮಾಡಿ. ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ನಾನು ಒಂದು ಕಾಗದ ಅಮ್ಮನ ಗೋದ್ರೇಜಿನಲ್ಲಿ ಒಡವೆ ಪೆಟ್ಟಿಗೆಯ ಅಡಿಗೆ ಇಟ್ಟಿದ್ದೇನೆ, ಇನ್ನೊಂದು ಅಕ್ಕನ ಮನೆಯಲ್ಲಿದೆ. ನನಗೇನಾದರೂ ಆದರೆ ಮನೆಯವರಿಗೆ ಪಟಗಳು ಸಿಗಬೇಕಲ್ಲ. ಡಿಸ್ಕಿನ ಪ್ರತಿ ಇಡುವ ನೆಂಟರ ಮನೆಯಲ್ಲಿ ಮಾತ್ರ ಪಾಸ್‌ವರ್ಡ್ ಇಡಬೇಡಿ.

ಮುಂದಿನದು ಸುಲಭ. ಎಲ್ಲಿಗೆ ಹೋಗಬೇಕು ಎಂದು ಕೇಳುವಲ್ಲಿ ಆ ಶೇರ್ ಫೋಲ್ಡರಿನ ವಿಳಾಸ, ಯೂಸರ್ ಹೆಸರು ಕೊಟ್ಟು ಪರೀಕ್ಷಿಸಿ. ಯಾವ ಫೋಲ್ಡರುಗಳು ಬೇಕೋ ಗುರುತು ಹಾಕಿ. ದಿನಾ ರಾತ್ರಿ 9ಕ್ಕೆ ಎಂದು ಸಮಯ ಕೊಡಿ. ಮಳೆಗಾಲದಲ್ಲಿ ಆ ಹೊತ್ತಿಗೆ ಕರೆಂಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಕಂಪ್ಯೂಟರ್ ಮತ್ತೆ ಆನ್ ಆದಾಗ ತಪ್ಪಿದ ಬ್ಯಾಕಪ್ ತಾನಾಗಿ ನಡೆಯುತ್ತದೆ. ಹಳೆಯ ಪ್ರತಿಗಳನ್ನು ಎಷ್ಟು ದಿನ ಇಡಬೇಕು ಎಂಬಲ್ಲಿ ಸ್ಮಾರ್ಟ್ ಎಂಬುದನ್ನು ಆರಿಸಿದರೆ ಸಾಕು.

ಮೊದಲನೇ ಸಲ ಜಾಸ್ತಿ ಹೊತ್ತು ಬೇಕು. ಸೆಕೆಂಡಿಗೆ 100 ಮೆಗಾಬಿಟ್‌ನ ಹಳೆಯ ರೂಟರಾದರೆ 200 ಜಿಬಿಗೆ ಐದು ಗಂಟೆಯ ಮೇಲೆಯೇ. ವೈಫೈ ಬಿಟ್ಟು ಕೇಬಲ್ ಹಾಕಿ. ಆಮೇಲೆ ಬದಲಾದದ್ದು ಮಾತ್ರ ಹೋಗುತ್ತದೆ.

ತಿಂಗಳಿಗೊಮ್ಮೆ ಆ ಬ್ಯಾಕಪ್ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ ನೆಂಟರ ಮನೆಗೆ ಮುಟ್ಟಿಸಿ. ನಮ್ಮದು ಪುತ್ತೂರಿನ ಅತ್ತೆ ಮನೆಯ ಕಪಾಟಿನಲ್ಲಿದೆ. ಅತ್ತೆಗೆ ಅದರೊಳಗೆ ಏನಿದೆ ಎಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಕೊನೆಗೆ, ವಾಪಸ್ ಬರುತ್ತದಾ ನೋಡಿ. ಬೇರೆಯೇ ಕಂಪ್ಯೂಟರಿನಲ್ಲಿ ಡುಪ್ಲಿಕಾಟಿ ಹಾಕಿ, ಡಿಸ್ಕ್ ಸಿಕ್ಕಿಸಿ, ಕಾಗದ ನೋಡಿ ಪಾಸ್‌ವರ್ಡ್ ಒತ್ತಿ ಒಂದು ಫೈಲ್ ತೆಗೆಯಿರಿ. ಮೊನ್ನೆ ನಾನು ಪಾಲುಪಟ್ಟಿ ತೆಗೆದೆ. ಮದ್ರಾಸ್ ಕಾಲದ ಛಾಪಾ ಕಾಗದ, ಅಂಚಿನಲ್ಲಿ ಗೆದ್ದಲು ತಿಂದ ತೂತು, ಕೆಳಗೆ ಅಜ್ಜನ ಕನ್ನಡ ರುಜು, ಎಲ್ಲಾ ಇದ್ದ ಹಾಗೇ ಬಂತು.