ಧಾರವಾಡದ ಮುಂಬರುವ ಕಾರ್ಯಕ್ರಮಗಳ ಪಟ್ಟಿ: ನಾನು ಸಿದ್ಧಪಡಿಸುವ ಬಗೆ

ಧಾರವಾಡಕ್ಕೆ ಓದಲು ಬಂದ ಎಷ್ಟೋ ವಿದ್ಯಾರ್ಥಿಗಳು ಎರಡು ಮೂರು ವರ್ಷ ಇಲ್ಲಿಯೇ ಇದ್ದು, ಪದವಿ ಪಡೆದು, ಒಂದು ಸಲವೂ ಒಳ್ಳೆಯ ಗಾಯನವನ್ನು ಎದುರಿಗೆ ಕುಳಿತು ಕೇಳದೆ, ಒಂದೂ ನಾಟಕ ನೋಡದೆ ತಮ್ಮ ಊರಿಗೆ ಮರಳುತ್ತಾರೆ. ಇಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುವ ನನಗೆ ಇದು ಬಹಳ ಕಾಲ ಕೊರೆಯುತ್ತಿದ್ದ ಸಂಗತಿ. ಅವರಿಗೆ ಆಸಕ್ತಿ ಇಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ವಿಚಾರಿಸಿದಾಗ ತಿಳಿದದ್ದೇನೆಂದರೆ, ಬಹಳಷ್ಟು ಮಂದಿಗೆ ಕಾರ್ಯಕ್ರಮ ಇದೆ ಎಂಬ ಸುದ್ದಿಯೇ ಮುಟ್ಟಿರಲಿಲ್ಲ. ಆಮಂತ್ರಣ ಪತ್ರಿಕೆ ಹೋಗುವುದು ಮೊದಲಿನಿಂದಲೂ ಬರುತ್ತಿರುವವರ ಮನೆಗೆ. ವಸತಿ ನಿಲಯದ ಹುಡುಗರಿಗೆ ಸಿಗುವುದು ಕಾರ್ಯಕ್ರಮ ಮುಗಿದ ಮರುದಿನ ಪತ್ರಿಕೆಯಲ್ಲಿ ಬರುವ ವರದಿ ಮಾತ್ರ. ಹೀಗಾಗಿ ಹದಿನೈದು ದಿನಗಳಿಗೊಮ್ಮೆ ಮುಂಬರುವ ಸಂಗೀತ, ನಾಟಕ, ಚಿತ್ರಕಲೆ ಮತ್ತು ಸಾಹಿತ್ಯ ಕಾರ್ಯಕ್ರಮಗಳ ಪಟ್ಟಿಯೊಂದನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ ವಸತಿ ನಿಲಯಗಳ ನೋಟಿಸ್ ಬೋರ್ಡಿಗೆ ಹಚ್ಚುವ, ಅದನ್ನೇ ವಾಟ್ಸಾಪ್‌ನಲ್ಲಿ ಕಳಿಸುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಆ ಹಾಳೆ ಹೇಗೆ ತಯಾರಾಗುತ್ತದೆ ಎಂಬುದನ್ನು, ಬೇರೆ ಊರಿನಲ್ಲಿ ಇಂಥ ಕೆಲಸ ಮಾಡಬಯಸುವವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಧಾರವಾಡಕ್ಕೆ ಓದುವವರು ಬರುವುದು ಒಂದು ರೂಢಿಯೇ ಆಯಿತು. ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯ ಬಂತು, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ. ಇನ್ನೊಂದು ಕಡೆ, 1950ರ ಜನವರಿಯಲ್ಲಿ ಇಲ್ಲಿ ಆಕಾಶವಾಣಿ ಕೇಂದ್ರ ತೆರೆದದ್ದು ಸಂಗೀತಗಾರರಿಗೆ ದೊಡ್ಡ ಆಸರೆಯಾಯಿತು. ಸಿತಾರ ರತ್ನ ರಹಿಮತ್ ಖಾನರು ಆ ವೇಳೆಗಾಗಲೇ ಇಲ್ಲಿ ನೆಲೆಸಿ ಶಿಷ್ಯರನ್ನು ತಯಾರು ಮಾಡಿದ್ದರು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರಂಥ ದೊಡ್ಡ ಗಾಯಕರು ಇದೇ ಊರಿನ ಓಣಿಗಳಲ್ಲಿ ಬಾಳಿದರು. ಓದುವವರ ಊರು ಮತ್ತು ಹಾಡುವವರ ಊರು ಹೀಗೆ ಒಂದೇ ಆಗಿದ್ದರೂ ಈ ಎರಡು ಗುಂಪುಗಳು ಒಂದನ್ನೊಂದು ಭೇಟಿಯಾಗುವುದು ಕಡಿಮೆ. ನನ್ನ ಹಾಳೆಯ ಕೆಲಸವೆಲ್ಲ ಆ ನಡುವಿನ ಜಾಗದಲ್ಲಿದೆ.

ಸುದ್ದಿ ಸಂಗ್ರಹಿಸಲು ನಾನು ಮೊದಲು ಹೋಗುವುದು ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಹುಟ್ಟಿದ ಈ ಸಂಘದಲ್ಲಿ ದತ್ತಿ ಕಾರ್ಯಕ್ರಮಗಳು ವರ್ಷವಿಡೀ ನಡೆಯುತ್ತವೆ. ತಂದೆ ತಾಯಿಯ ಹೆಸರಿನಲ್ಲೋ ಗುರುಗಳ ಹೆಸರಿನಲ್ಲೋ ಯಾರಾದರೂ ಒಂದು ಮೊತ್ತವನ್ನು ಠೇವಣಿಯಾಗಿ ಇಟ್ಟರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಉಪನ್ಯಾಸವೋ ಗಾಯನವೋ ನಡೆಯಬೇಕು ಎಂಬುದು ದತ್ತಿಯ ಏರ್ಪಾಡು. ಪಟ್ಟಿ ಮಾಡುವವನಿಗೆ ಇದರಿಂದ ದೊಡ್ಡ ಅನುಕೂಲವಿದೆ. ದತ್ತಿ ಕಾರ್ಯಕ್ರಮ ಸಾಮಾನ್ಯವಾಗಿ ಪ್ರತಿವರ್ಷ ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಬರುವುದರಿಂದ, ಹೋದ ವರ್ಷದ ಆಮಂತ್ರಣ ಪತ್ರಿಕೆಗಳನ್ನು ತಿಂಗಳುವಾರು ಜೋಡಿಸಿಟ್ಟರೆ ಈ ವರ್ಷ ಯಾವ ವಾರದಲ್ಲಿ ಯಾರನ್ನು ವಿಚಾರಿಸಬೇಕು ಎಂಬುದು ಮೊದಲೇ ಗೊತ್ತಾಗುತ್ತದೆ. ನನ್ನ ಮನೆಯಲ್ಲಿ ಇಂಥ ಪತ್ರಿಕೆಗಳ ಹನ್ನೆರಡು ಲಕೋಟೆಗಳಿವೆ, ತಿಂಗಳಿಗೆ ಒಂದರಂತೆ.

ಆದರೆ ಸಂಗೀತದ ಕಾರ್ಯಕ್ರಮ ನಿಕ್ಕಿಯಾದದ್ದು ಎಲ್ಲರಿಗಿಂತ ಮೊದಲು ತಿಳಿಯುವುದು ತಬಲಾ ಮತ್ತು ಹಾರ್ಮೋನಿಯಂ ಸಾಥ್ ಕೊಡುವವರಿಗೆ. ಗಾಯಕರು ಒಪ್ಪಿದ ಕೂಡಲೇ ಸಂಘಟಕರು ಮಾಡುವ ಎರಡನೆಯ ಫೋನ್ ಅವರಿಗೇ ಹೋಗುತ್ತದೆ. ಆಮಂತ್ರಣ ಪತ್ರಿಕೆ ಮುದ್ರಣವಾಗುವುದು ಅದಾದ ಎಷ್ಟೋ ದಿನಗಳ ಮೇಲೆ. ಊರಿನ ತಬಲಾ ವಾದಕರೊಬ್ಬರ ಕಿಸೆಯಲ್ಲಿರುವ ಸಣ್ಣ ಡೈರಿಯಲ್ಲಿ ಮುಂದಿನ ಎರಡು ತಿಂಗಳ ಧಾರವಾಡದ ಸಂಗೀತವೆಲ್ಲ ಇರುತ್ತದೆ: ದಿನಾಂಕ, ಸಭಾಂಗಣ, ಗಾಯಕರ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ ಯಾವ ಸ್ವರದ ತಬಲಾ ಒಯ್ಯಬೇಕು ಎಂಬ ಗುರುತು. ಪುರುಷರು ಹಾಡುವುದಿದ್ದರೆ ಒಂದು ಸ್ವರ, ಮಹಿಳೆಯರು ಹಾಡುವುದಿದ್ದರೆ ಬೇರೊಂದು. ಆ ಪುಟವನ್ನು ಓದಲು ಕಲಿತ ಮೇಲೆ ನನ್ನ ಅರ್ಧ ತಿರುಗಾಟ ಉಳಿಯಿತು. ನಾಟಕಗಳಿಗೆ ಸಂಬಂಧಿಸಿದಂತೆ ಇದೇ ಉಪಕಾರವನ್ನು ಬೆಳಕು ಮತ್ತು ಮೈಕಿನ ವ್ಯವಸ್ಥೆ ಮಾಡುವವರು ಮಾಡುತ್ತಾರೆ. ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರ, ಕಲಾಭವನ, ರಂಗಾಯಣದ ಆವರಣ, ಆಲೂರು ವೆಂಕಟರಾವ್ ಸಾಂಸ್ಕೃತಿಕ ಭವನ, ಸಾಧನಕೇರಿಯ ಬೇಂದ್ರೆ ಭವನ, ಈ ಐದು ಕಡೆ ಕಾವಲು ಕಾಯುವವರ ಪರಿಚಯವಿದ್ದರೆ ಉಳಿದದ್ದೂ ಸಿಗುತ್ತದೆ.

ವರ್ಷದ ಕೆಲವು ದಿನಗಳನ್ನು ನಾನು ಯಾರನ್ನೂ ಕೇಳದೆ ಮೊದಲೇ ಗುರುತು ಹಾಕಿಕೊಳ್ಳುತ್ತೇನೆ. ಜನವರಿ 31 ಬೇಂದ್ರೆಯವರ ಜನ್ಮದಿನ, ಅಂದು ಸಾಧನಕೇರಿಯಲ್ಲಿ ಕಾರ್ಯಕ್ರಮ. ಮಾರ್ಚ್ 27 ವಿಶ್ವ ರಂಗಭೂಮಿ ದಿನವಾದ್ದರಿಂದ ಅದರ ಹಿಂದೆ ಮುಂದೆ ನಾಟಕಗಳನ್ನು ನಿರೀಕ್ಷಿಸಬಹುದು. ಗುರುಪೂರ್ಣಿಮೆಯ ವಾರದಲ್ಲಿ ಸಂಗೀತ ಶಾಲೆಗಳ ಶಿಷ್ಯರು ಹಾಡುತ್ತಾರೆ. ಹೊಸಬರಿಗೆ ನಾನು ಮೊದಲು ಹೇಳುವುದು ಈ ಶಿಷ್ಯರ ಕಾರ್ಯಕ್ರಮಗಳನ್ನೇ, ಯಾಕೆಂದರೆ ತಮ್ಮದೇ ವಯಸ್ಸಿನ ಹುಡುಗಿಯೊಬ್ಬಳು ತಂಬೂರಿಗಳ ನಡುವೆ ಕುಳಿತು ಯಮನ್ ರಾಗವನ್ನು ಬೆಳೆಸುವುದನ್ನು ಕಂಡಾಗ ಸಂಗೀತ ತಮಗೂ ಸಂಬಂಧಪಟ್ಟದ್ದು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ತಾನಾಗಿ ಹುಟ್ಟುತ್ತದೆ. ಆಗಸ್ಟ್ 24 ಬಸವರಾಜ ರಾಜಗುರು ಅವರ ಜನ್ಮದಿನ. ಸೆಪ್ಟೆಂಬರ್ 12ರ ವಿಚಾರ ಸ್ವಲ್ಪ ಬೇರೆ. ಮಲ್ಲಿಕಾರ್ಜುನ ಮನಸೂರ ಅವರು ತೀರಿಕೊಂಡದ್ದು 1992ರ ಸೆಪ್ಟೆಂಬರ್ 12ರಂದು. ಕುಂದಗೋಳದ ಗಾಯಕ ಸವಾಯಿ ಗಂಧರ್ವರು ತೀರಿಕೊಂಡದ್ದು ಅದಕ್ಕೆ ನಲವತ್ತು ವರ್ಷ ಮೊದಲು, 1952ರಲ್ಲಿ, ಅದೇ ದಿನಾಂಕದಂದು. ಘರಾನೆ ಎಂದರೆ ಗಾಯನದ ಪರಂಪರೆ; ಮನಸೂರರು ಜೈಪುರ-ಅತ್ರೌಲಿ ಘರಾನೆಯವರು, ಸವಾಯಿ ಗಂಧರ್ವರು ಕಿರಾನಾ ಘರಾನೆಯವರು. ಒಂದೇ ಜಿಲ್ಲೆಯಲ್ಲಿ ಇಬ್ಬರ ಸ್ಮರಣೆಯೂ ನಡೆಯುವುದರಿಂದ ಆ ದಿನಗಳಲ್ಲಿ ಯಾವುದು ಯಾವ ದಿನ, ಎಲ್ಲಿ ಎಂಬುದನ್ನು ಸಂಘಟಕರಿಂದಲೇ ಕೇಳಿ ಬರೆಯುವವರೆಗೆ ನಾನು ಹಾಳೆಯನ್ನು ಮುದ್ರಣಕ್ಕೆ ಕೊಡುವುದಿಲ್ಲ.

ದಿನಾಂಕಕ್ಕಿಂತ ಹೆಚ್ಚು ಕಷ್ಟ ಕೊಡುವುದು ವೇಳೆ. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ ಐದೂವರೆ ಎಂದಿದ್ದರೆ ಐದೂವರೆಗೆ ಶುರುವಾಗುವುದು ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಸತ್ಕಾರ. ಸಂಗೀತಕ್ಕೆಂದು ಮೊದಲ ಸಲ ಬಂದ ವಿದ್ಯಾರ್ಥಿ ಒಂದೂವರೆ ತಾಸು ಭಾಷಣ ಕೇಳಿ, ತಂಬೂರಿ ಶ್ರುತಿ ಮಾಡುವ ಹೊತ್ತಿಗೆ ಎದ್ದು ಹೋಗುವುದನ್ನು ನಾನು ನೋಡಿದ್ದೇನೆ; ಅಂಥವರು ಮತ್ತೆ ಬರುವುದಿಲ್ಲ. ಆದ್ದರಿಂದ ಪ್ರತಿ ಕಾರ್ಯಕ್ರಮದ ಸಂಘಟಕರಿಗೂ ಫೋನ್ ಮಾಡಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ.

“ಪತ್ರಿಕಾದಾಗ ಐದೂವರಿ ಅಂತ ಅದ ರೀ ಸರ್. ಖರೇ ಗಾಯನ ಎಷ್ಟಕ್ಕ ಚಾಲೂ ಆಗ್ತದ್ರೀ?”

“ಸತ್ಕಾರ ಮೂರು ಅದಾವ್ರೀ, ಆಮ್ಯಾಲೆ ಅಧ್ಯಕ್ಷರ ಮಾತು. ನೀವು ಏಳಕ್ಕ ಅಂತ ಬರ್ಕೋರಿ.”

ಹಿರಿಯ ಸಂಘಟಕರು ಇದನ್ನು ಎಂದೂ ತಪ್ಪು ತಿಳಿದಿಲ್ಲ. ತಮ್ಮ ಸಭೆಗೆ ಹತ್ತು ಹುಡುಗರು ಬರುತ್ತಾರೆಂದರೆ ಅವರಿಗೂ ಸಂತೋಷವೇ. ಹಾಳೆಯಲ್ಲಿ ನಾನು ಎರಡೂ ವೇಳೆಗಳನ್ನು ಕೊಡುತ್ತೇನೆ, ಒಂದು ಉದಾಹರಣೆ ಹೀಗಿರುತ್ತದೆ: “ಹಿಂದೂಸ್ತಾನಿ ಗಾಯನ. ವೇದಿಕೆ ಕಾರ್ಯಕ್ರಮ 5.30ಕ್ಕೆ, ಹಾಡು ಸುಮಾರು 7ಕ್ಕೆ. ಮೊದಲು ಖಯಾಲ್, ಕೊನೆಗೆ ವಚನ ಮತ್ತು ದಾಸರ ಪದ. ನೆಲದ ಮೇಲೆ ಕೂಡುವ ವ್ಯವಸ್ಥೆ, ಹಿಂದೆ ಕುರ್ಚಿಗಳಿವೆ. ಪ್ರವೇಶಕ್ಕೆ ಹಣವಿಲ್ಲ, ಪತ್ರಿಕೆ ಬೇಕಿಲ್ಲ.” ಕೊನೆಯ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ಆಮಂತ್ರಣ ಪತ್ರಿಕೆ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂಬ ಅಂಜಿಕೆ ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಲ್ಲಿ ಎಷ್ಟು ಆಳವಾಗಿದೆ ಎಂಬುದು ಅವರೊಡನೆ ಮಾತನಾಡಿದ ಮೇಲೆಯೇ ನನಗೆ ಅರ್ಥವಾಯಿತು. ಖಯಾಲ್ ಎಂದರೆ ರಾಗವನ್ನು ವಿಸ್ತಾರವಾಗಿ ಬೆಳೆಸುವ ಹಿಂದೂಸ್ತಾನಿ ಗಾಯನದ ಬಗೆ ಎಂಬುದನ್ನು ಹಾಳೆಯಲ್ಲಿ ವಿವರಿಸಲು ಹೋಗುವುದಿಲ್ಲ. ಆದರೆ ಕೊನೆಗೆ ವಚನ ಇದೆ ಎಂದು ಬರೆದರೆ ಅವರಿಗೆ ಗೊತ್ತಿರುವ ಒಂದು ವಸ್ತು ಅಲ್ಲಿ ಕಾದಿದೆ ಎಂಬ ಭರವಸೆ ಸಿಗುತ್ತದೆ, ಮತ್ತು ಅದಕ್ಕಾಗಿ ಕುಳಿತವರು ಮೊದಲಿನದನ್ನೂ ಕೇಳುತ್ತಾರೆ.

ಮರಳಿ ಹೋಗುವ ದಾರಿಯನ್ನು ಹೇಳದ ಪಟ್ಟಿ ಅರ್ಧ ಪಟ್ಟಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜ್ಯುಬಿಲಿ ಸರ್ಕಲ್‌ನಿಂದ ಹುಬ್ಬಳ್ಳಿಯ ಕಡೆಗೆ ಚಿಗರಿ ಬಸ್ಸುಗಳಿವೆ. ಅತ್ತ ದಾರಿಯಲ್ಲಿರುವ ಕಾಲೇಜುಗಳವರಿಗೆ ತೊಂದರೆ ಕಡಿಮೆ. ವಿಶ್ವವಿದ್ಯಾಲಯದ ಗುಡ್ಡದ ಮೇಲಿನ ನಿಲಯಗಳಿಗೆ ರಾತ್ರಿ ಹೋಗುವುದು ಹಾಗಲ್ಲ, ನಾಲ್ಕು ಮಂದಿ ಸೇರಿ ಆಟೋ ಮಾಡಿಕೊಳ್ಳಬೇಕು. ಇನ್ನೂ ದೊಡ್ಡ ಪ್ರಶ್ನೆ ಹೆಣ್ಣುಮಕ್ಕಳ ನಿಲಯಗಳ ಬಾಗಿಲು ಹಾಕುವ ಹೊತ್ತು. ಏಳಕ್ಕೆ ಹಾಡು ಶುರುವಾಗಿ ಒಂಬತ್ತೂವರೆಗೆ ಭೈರವಿ ರಾಗದೊಂದಿಗೆ ಮುಗಿಯುವ ಕಾರ್ಯಕ್ರಮಕ್ಕೆ ಅವರು ಬರಬೇಕೆಂದರೆ ಅನುಮತಿ ಬೇಕು. ಇದಕ್ಕಾಗಿ ಒಂದು ಪತ್ರದ ನಮೂನೆಯನ್ನು ಸಿದ್ಧಪಡಿಸಿದ್ದೇನೆ: ಕಾರ್ಯಕ್ರಮದ ಹೆಸರು, ಸ್ಥಳ, ಮುಗಿಯುವ ವೇಳೆ, ಬರುವ ವಿದ್ಯಾರ್ಥಿನಿಯರ ಹೆಸರುಗಳು, ಜೊತೆಗಿರುವ ಅಧ್ಯಾಪಕಿಯ ಸಹಿ. ಮೇಲ್ವಿಚಾರಕಿಯರೊಬ್ಬರನ್ನು ಅವರ ಮನೆಯವರೊಂದಿಗೆ ಒಂದು ನಾಟಕಕ್ಕೆ ಕರೆದುಕೊಂಡು ಹೋದ ಮೇಲೆ ಆ ನಿಲಯದಲ್ಲಿ ಅನುಮತಿ ಸಿಗುವುದು ಬಹಳ ಸರಾಗವಾಯಿತು. ಹುಡುಗರಿಗೆ ಸುಲಭವಾಗಿ ಸಿಗುವ ಸಂಗೀತ ಹುಡುಗಿಯರಿಗೆ ಬೀಗದ ಕಾರಣಕ್ಕೆ ಸಿಗದೆ ಹೋಗುವುದನ್ನು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ. ಸಾಧ್ಯವಿದ್ದಲ್ಲೆಲ್ಲ ರವಿವಾರ ಬೆಳಗಿನ ಬೈಠಕ್‌ಗಳನ್ನು, ಅಂದರೆ ಚಿಕ್ಕ ಸಂಗೀತ ಸಭೆಗಳನ್ನು, ಪಟ್ಟಿಯ ಮೇಲ್ತುದಿಗೆ ಹಾಕುವುದೂ ಇದೇ ಕಾರಣಕ್ಕೆ. ಸಂಜೆ ಹಾಡದ, ಬೆಳಗಿನ ರಾಗಗಳಾದ ತೋಡಿ, ಆಸಾವರಿಗಳನ್ನು ಕೇಳುವ ಅವಕಾಶವೂ ಅಲ್ಲಿ ಸಿಗುತ್ತದೆ.

ನಾಟಕದ ಬಗ್ಗೆ ಬರೆಯುವಾಗ ಎಷ್ಟು ತಾಸಿನದು, ಟಿಕೆಟ್ ಇದೆಯೇ, ಮರುಪ್ರದರ್ಶನ ಇದೆಯೇ ಎಂಬ ಮೂರನ್ನು ಕೊಟ್ಟರೆ ಸಾಕು. ಹವ್ಯಾಸಿ ತಂಡಗಳ ನಾಟಕ ಬಹುತೇಕ ಒಂದೇ ದಿನ ಆಗುವುದರಿಂದ ಅವುಗಳಿಗೆ “ಒಂದೇ ಪ್ರದರ್ಶನ” ಎಂದು ಸೇರಿಸುತ್ತೇನೆ. ಚಿತ್ರಕಲಾ ಪ್ರದರ್ಶನಗಳು ಸರಕಾರಿ ಆರ್ಟ್ ಗ್ಯಾಲರಿಯಲ್ಲಿ ಹಲವು ದಿನ ತೆರೆದಿರುತ್ತವೆ. ಅವುಗಳ ಕಡೆಯ ದಿನವನ್ನು ಬರೆಯುವುದು ಮುಖ್ಯ, ಉದ್ಘಾಟನೆಯ ದಿನವನ್ನಲ್ಲ. ಇನ್ನು ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆಯ ಹೊತ್ತಿಗೆ ಆಡುವ ದೊಡ್ಡಾಟ, ಸಣ್ಣಾಟಗಳಿಗೆ ಎಷ್ಟೋ ಸಲ ಮುದ್ರಿತ ಪತ್ರಿಕೆಯೇ ಇರುವುದಿಲ್ಲ. ಅವುಗಳ ಸುದ್ದಿಯನ್ನು ನನಗೆ ತಂದುಕೊಡುವವರು ಆಯಾ ಹಳ್ಳಿಯ ವಿದ್ಯಾರ್ಥಿಗಳೇ. ತನ್ನ ಊರಿನ ಆಟದ ಸಾಲನ್ನು ಮನಸೂರರ ಸ್ಮರಣೆಯ ಸಾಲಿನ ಕೆಳಗೆ ಅದೇ ಅಕ್ಷರದಲ್ಲಿ ಅಚ್ಚಾದದ್ದನ್ನು ಕಂಡ ವಿದ್ಯಾರ್ಥಿಯೊಬ್ಬ ಹತ್ತು ಮಂದಿ ಗೆಳೆಯರನ್ನು ಕರೆದುಕೊಂಡು ಹೋಗಿ ಬೆಳಗಿನವರೆಗೆ ಆಟ ತೋರಿಸಿದ. ಇಂಥ ಸಾಲುಗಳಿಗೆ ಹಾಳೆಯಲ್ಲಿ ಯಾವಾಗಲೂ ಜಾಗ ಇಟ್ಟಿರುತ್ತೇನೆ.

ಎಲ್ಲವನ್ನೂ ಪಟ್ಟಿಗೆ ಸೇರಿಸುವುದಿಲ್ಲ. ಬರೀ ಸತ್ಕಾರ ಸಮಾರಂಭಗಳನ್ನು, ಕಲೆಯ ಹೆಸರಿನಲ್ಲಿ ನಡೆಯುವ ಪ್ರಚಾರ ಸಭೆಗಳನ್ನು ಬಿಡುತ್ತೇನೆ. ಕಾಲೇಜು ಉತ್ಸವಗಳನ್ನು ಹೊರಗಿನ ವಿದ್ಯಾರ್ಥಿಗಳಿಗೂ ಪ್ರವೇಶವಿದ್ದರೆ ಮಾತ್ರ ಹಾಕುತ್ತೇನೆ. ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ಹಾಳೆ ಚಿಕ್ಕದಾಗುತ್ತದೆ, ಆಗಲಿ. ಮಳೆಗಾಲದಲ್ಲಿ ಬಯಲು ರಂಗಮಂದಿರದ ಕಾರ್ಯಕ್ರಮವಿದ್ದರೆ ಮಳೆ ಬಂದಾಗ ಎಲ್ಲಿಗೆ ಬದಲಾಗುತ್ತದೆ ಎಂಬುದನ್ನೂ ಕೇಳಿ ಬರೆಯಬೇಕು. ಗಣ್ಯರು ತೀರಿಕೊಂಡು ಶೋಕಾಚರಣೆ ಘೋಷಣೆಯಾದರೆ ಕಾರ್ಯಕ್ರಮಗಳು ಹಠಾತ್ತನೆ ಮುಂದೆ ಹೋಗುತ್ತವೆ. ಹಾಗಾಗಿ ಆಯಾ ದಿನ ಬೆಳಗ್ಗೆ ಮತ್ತೊಂದು ಫೋನ್ ಮಾಡಿ, ಬದಲಾವಣೆ ಇದ್ದರೆ ಪ್ರತಿ ನಿಲಯದಲ್ಲಿ ಈ ಕೆಲಸಕ್ಕೆ ಒಪ್ಪಿಕೊಂಡಿರುವ ವಿದ್ಯಾರ್ಥಿಗೆ ತಿಳಿಸುತ್ತೇನೆ. ಆತ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ ತಿದ್ದುತ್ತಾನೆ. ಹಾಳೆ ಹಚ್ಚುವುದು ಗುರುವಾರ ಸಂಜೆ, ಏಕೆಂದರೆ ಶುಕ್ರವಾರದ ಮೇಲೆ ಬಹಳ ಮಂದಿ ಊರಿಗೆ ಹೋಗುವ ತಯಾರಿಯಲ್ಲಿರುತ್ತಾರೆ. ಹಾಳೆ ನೋಡಿ ಊರಿಗೆ ಹೋಗದೆ ಇಲ್ಲೇ ನಿಲ್ಲುವುದಿದ್ದರೆ ಅದಕ್ಕೆ ಮೊದಲೇ ನೋಡಬೇಕು.

ಈಗ ನಾನು ತೊಡಗಿರುವುದು ಕುಂದಗೋಳದ ಸಂಗೀತೋತ್ಸವವನ್ನು ಹಾಳೆಯಲ್ಲಿ ಸರಿಯಾಗಿ ಕೊಡುವ ಕೆಲಸದಲ್ಲಿ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಗುರುಗಳಾದ ಸವಾಯಿ ಗಂಧರ್ವರ ನೆನಪಿಗಾಗಿ ನಾಡಗೀರ ವಾಡೆಯಲ್ಲಿ ರಾತ್ರಿಯಿಡೀ ನಡೆಯುವ ಆ ಸಂಗೀತವನ್ನು ಬರೀ ಒಂದು ಸಾಲಿನಲ್ಲಿ ಬರೆದರೆ ಧಾರವಾಡದ ನಿಲಯದಲ್ಲಿರುವ ವಿದ್ಯಾರ್ಥಿ ಹೋಗಲಾರ. ಹುಬ್ಬಳ್ಳಿಯಿಂದ ಸಂಜೆ ಯಾವ ಬಸ್ಸು, ಊಟ ಎಲ್ಲಿ, ಹೊದಿಕೆ ಬೇಕೇ, ಮುಂಜಾನೆ ಮರಳುವ ಮೊದಲ ಬಸ್ಸು ಯಾವುದು, ವಿದ್ಯಾರ್ಥಿನಿಯರ ಜೊತೆಗೆ ಯಾರು ಬರುತ್ತಾರೆ ಎಂಬುದನ್ನೆಲ್ಲ ಸೇರಿಸಿ ಅದಕ್ಕೊಂದು ಪ್ರತ್ಯೇಕ ಹಾಳೆಯನ್ನೇ ಸಿದ್ಧಪಡಿಸುತ್ತಿದ್ದೇನೆ. ಇಬ್ಬರು ಅಧ್ಯಾಪಕಿಯರು ಬರಲು ಒಪ್ಪಿದ್ದಾರೆ. ವಾಹನದ ಖರ್ಚಿಗೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಕೇಳಿದ್ದೇನೆ.