ಆರೋಗ್ಯ ಮಸೂದೆಯ ಮೇಲೆ ತಾಲೂಕಿನಲ್ಲಿ ಚರ್ಚೆ ನಡೆಸಿ, ಅದನ್ನು ದಿಲ್ಲಿಗೆ ಮುಟ್ಟಿಸುವ ಬಗೆ

ದಿಲ್ಲಿಯಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಮಸೂದೆಯೊಂದು ಮಂಡನೆಯಾದರೆ ಅದೇ ವಾರ ನಮ್ಮ ಕಡೆ ದವಾಖಾನೆಗಳ ಬಾಗಿಲಿಗೆ ಮುಷ್ಕರದ ಚೀಟಿ ಬೀಳುತ್ತದೆ. ಅಥಣಿ, ಇಂಡಿ, ಬಾದಾಮಿಯ ಚಹಾದಂಗಡಿಗಳಲ್ಲಿ ವಾದ ಶುರುವಾಗುತ್ತದೆ. "ಡಾಕ್ಟರಿಗೆ ಲಗಾಮು ಬೇಕ್ರಿ" ಎನ್ನುವವರು ಒಂದು ಕಡೆ, "ಹಿಂಗಾದ್ರ ಸಣ್ಣ ದವಾಖಾನಿ ಮುಚ್ಚತಾವ" ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಮಸೂದೆಯ ಪ್ರತಿ ಇಬ್ಬರ ಕೈಯಲ್ಲೂ ಇರುವುದಿಲ್ಲ. ಕಲಂ ಹಿಡಿದು ವಾದಿಸಿದ ಜಗಳ ತಿದ್ದುಪಡಿಯಾಗಿ ಸಂಸತ್ತಿನ ತನಕ ಹೋಗಬಲ್ಲದು. ಮಸೂದೆಯ ಹೆಸರನ್ನಷ್ಟೇ ಹಿಡಿದು ಆಡಿದ ಜಗಳ ಮುಷ್ಕರ ಮುಗಿದ ಮರುದಿನವೇ ಆರಿಹೋಗುತ್ತದೆ.

ಮೊದಲು ಅದು ಏನೆಂದು ಗುರುತಿಸಿ

ಜನ ಯೋಜನೆಯನ್ನೂ ಕಾನೂನನ್ನೂ ಒಂದೇ ಎಂದು ತಿಳಿಯುತ್ತಾರೆ. ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ ಯೋಜನೆ. ನಮ್ಮ ರಾಜ್ಯದಲ್ಲಿ ಅದು ರಾಜ್ಯದ್ದೇ ಯೋಜನೆಯಾದ ಆರೋಗ್ಯ ಕರ್ನಾಟಕದ ಜೊತೆ ಸೇರಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಕೊಡುವಂತೆ ಜಾರಿಯಾಯಿತು. ಅದು ಸರ್ಕಾರದ ಆದೇಶದಿಂದ ನಡೆಯುವಂಥದ್ದು, ಸಂಸತ್ತು ಪಾಸು ಮಾಡಿದ ಕಾಯ್ದೆಯಲ್ಲ. "ಕಾರ್ಡ್ ಇದ್ದರೂ ಡಿಪಾಜಿಟ್ ಕೇಳಿದರು" ಎಂಬ ದೂರು ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗೆ ಇರುವ ಆರೋಗ್ಯಮಿತ್ರರ ಬಳಿಗೆ, ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಹೋಗಬೇಕು. ಸಭೆಯಲ್ಲಿ ಇಂಥ ದೂರುಗಳಿಗೇ ಅರ್ಧ ಹೊತ್ತು ಹೋಗಿಬಿಡುತ್ತದೆ. ಹಾಗಾಗಿ ಬಾಗಿಲ ಬಳಿ ಬೇರೆ ಟೇಬಲ್ ಹಾಕಿ, ಕಾರ್ಡಿನ ದೂರುಗಳನ್ನು ಬರೆದುಕೊಳ್ಳಲು ಒಬ್ಬರನ್ನು ಕೂರಿಸಿ.

ಎರಡನೆಯದು, ಆ ಕಾನೂನು ನಮಗೆ ಅನ್ವಯಿಸುತ್ತದೆಯೇ ಎಂಬುದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೇ ನಮೂದಿನಲ್ಲಿವೆ. ವೈದ್ಯಕೀಯ ಶಿಕ್ಷಣ ಮತ್ತು ವೈದ್ಯ ವೃತ್ತಿ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 25 ಮತ್ತು 26ರಲ್ಲಿವೆ. ವೈದ್ಯರ ನೋಂದಣಿ, ಕಾಲೇಜು, ಪರೀಕ್ಷೆಗಳ ಬಗ್ಗೆ ಸಂಸತ್ತು ನೇರವಾಗಿ ಕಾಯ್ದೆ ಮಾಡುತ್ತದೆ. ದವಾಖಾನೆಯ ನೋಂದಣಿ ಮತ್ತು ದರದ ವಿಷಯ ಬಂದಾಗ ರಾಜ್ಯಗಳು ಒಪ್ಪಬೇಕು. 2010ರ ಕೇಂದ್ರದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆ ಕರ್ನಾಟಕದಲ್ಲಿ ಜಾರಿಯಲ್ಲಿಲ್ಲ. ಇಲ್ಲಿರುವುದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ.

ಗಡಿ ಭಾಗದವರು ಇನ್ನೊಂದು ವಿಷಯ ಗಮನಿಸಬೇಕು. ಕಾಗವಾಡ, ರಾಯಬಾಗದವರು ಮಿರಜಿಗೆ, ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ ಚಿಕಿತ್ಸೆಗೆ ಹೋಗುತ್ತಾರೆ. ಅಲ್ಲಿ ಕೆಪಿಎಂಇ ನಡೆಯುವುದಿಲ್ಲ, ಮಹಾರಾಷ್ಟ್ರದ ಕಾನೂನೇ ಅನ್ವಯ. ರಾಷ್ಟ್ರಮಟ್ಟದ ಕಾನೂನು ಬೇಕು ಎಂಬ ವಾದಕ್ಕೆ ನಮ್ಮ ಭಾಗದಲ್ಲಿ ಇರುವ ಗಟ್ಟಿ ಕಾರಣವೇ ಇದು. ಬೆಂಗಳೂರಿನವರು ಇದನ್ನು ಎತ್ತುವುದಿಲ್ಲ, ನೀವೇ ಎತ್ತಬೇಕು.

ಮಸೂದೆಯನ್ನು ಹಿಂದಿನಿಂದ ಓದಿ

ಮಂಡನೆಯಾದ ಮಸೂದೆ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ಒಂದು ಪ್ರತಿ ಮುದ್ರಿಸಿ, ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಮೊದಲ ಪುಟದಿಂದ ಹೊರಟರೆ ಆ ಕಾನೂನು ಹುಟ್ಟುಹಾಕುವ ಆಯೋಗದ ಸದಸ್ಯರ ಅರ್ಹತೆ, ಸಂಬಳ, ಅವಧಿಗಳಲ್ಲೇ ದಣಿಯುತ್ತೀರಿ. ಕೊನೆಯಲ್ಲಿರುವ "ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ"ಯಿಂದ ಶುರು ಮಾಡಿ. ಅದರ ನಂತರ ಬರುವ ಹಣಕಾಸಿನ ಟಿಪ್ಪಣಿಯಲ್ಲಿ ಸರ್ಕಾರ ಎಷ್ಟು ಖರ್ಚು ಮಾಡಲು ಒಪ್ಪಿದೆ ಎಂಬುದು ತಿಳಿಯುತ್ತದೆ. ಹೊಸ ಹಕ್ಕು ಕೊಟ್ಟು ಹಣ ತೋರಿಸದಿದ್ದರೆ ಆ ಭಾರ ಯಾರ ಹೆಗಲಿಗೆ ಎಂದು ಅಲ್ಲೇ ಬರೆದಿಟ್ಟುಕೊಳ್ಳಿ. ಆಮೇಲೆ 2ನೇ ಕಲಮಿನ ವ್ಯಾಖ್ಯೆಗಳು, ಶಿಕ್ಷೆಯ ಕಲಂ, ನಿಯಮ ರಚನೆಯ ಕಲಂ, ಈ ಕ್ರಮದಲ್ಲಿ ಓದಿ. ಉಳಿದದ್ದು ಕೊನೆಗೆ.

ಇಂಗ್ಲಿಷ್ ಪಠ್ಯದಲ್ಲಿ "ಷಲ್" ಇದ್ದರೆ ಮಾಡಲೇಬೇಕು, "ಮೇ" ಇದ್ದರೆ ಮಾಡಬಹುದು. ಹಾಗೆಯೇ "ಪ್ರಿಸ್ಕ್ರೈಬ್ಡ್" ಎಂದು ಬಂದಲ್ಲಿ ಸಾಮಾನ್ಯವಾಗಿ ಸರ್ಕಾರ ಮುಂದೆ ಮಾಡುವ ನಿಯಮ ಎಂದರ್ಥ, "ಸ್ಪೆಸಿಫೈಡ್" ಎಂದು ಬಂದಲ್ಲಿ ಆಯೋಗ ಮಾಡುವ ವಿನಿಯಮ (ರೆಗ್ಯುಲೇಷನ್). ಇವೆರಡರ ಕೆಳಗೂ ಗೆರೆ ಎಳೆಯಿರಿ. ಗೆರೆಗಳು ಹೆಚ್ಚಾದಷ್ಟೂ ಕಾನೂನಿನ ತಿರುಳು ಇನ್ನೂ ಬರೆದಾಗಿಲ್ಲ ಎಂದೇ ಲೆಕ್ಕ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಿ. ಹೀಗೆ ಓದುವುದು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆಧುನಿಕ ವೈಜ್ಞಾನಿಕ ವೈದ್ಯ ವೃತ್ತಿಗೆ "ಸಂಬಂಧಪಟ್ಟ" ವ್ಯಕ್ತಿಗೆ ಸಮುದಾಯ ಆರೋಗ್ಯ ಸೇವಕರೆಂದು ಸೀಮಿತ ಪರವಾನಗಿ ಕೊಡಬಹುದು ಎನ್ನುತ್ತದೆ ಅದು. ಇಂಥವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಭಾಗವನ್ನು ಮೀರಬಾರದು. ಪ್ರಾಥಮಿಕ ಮತ್ತು ರೋಗ ತಡೆಯ ಹಂತದಲ್ಲಿ ಅವರು ನಿಗದಿತ ಔಷಧಗಳನ್ನು ಸ್ವತಂತ್ರವಾಗಿ ಬರೆಯಬಹುದು, ಅದರಾಚೆಗೆ ವೈದ್ಯರ ಮೇಲ್ವಿಚಾರಣೆ ಬೇಕು. ಈಗ ವ್ಯಾಖ್ಯೆಯ ಕಲಮಿಗೆ ಹಿಂದಿರುಗಿ: "ಸಂಬಂಧಪಟ್ಟ" ಎಂದರೆ ಯಾರು ಎಂಬ ವಿವರಣೆ ಅಲ್ಲಿಲ್ಲ. ನರ್ಸ್ ಆಗಬಹುದು, ಔಷಧ ಅಂಗಡಿಯ ಫಾರ್ಮಸಿಸ್ಟ್ ಆಗಬಹುದು, ವೈದ್ಯ ಪದವಿಯಿಲ್ಲದೆ ಊರಲ್ಲಿ ಸಲಾಯಿನ್ ಹಚ್ಚುವ ಆರ್‌ಎಂಪಿಯೂ ಆಗಬಹುದೇ? ಅರ್ಹತೆಯನ್ನು ಆಯೋಗದ ವಿನಿಯಮಕ್ಕೆ ಬಿಡಲಾಗಿದೆ. ಭಾರತೀಯ ವೈದ್ಯಕೀಯ ಸಂಘ ಇದನ್ನು ನಕಲಿ ವೈದ್ಯರಿಗೆ ಬಾಗಿಲು ತೆರೆದಂತೆ ಎಂದು ಕಂಡು, 2019ರ ಜುಲೈ 31ರಂದು ದೇಶದಾದ್ಯಂತ 24 ಗಂಟೆ ಸೇವೆ ನಿಲ್ಲಿಸಲು ಕರೆ ಕೊಟ್ಟಿತು. ರಾತ್ರಿ ಜ್ವರ ಬಂದರೆ ಆರ್‌ಎಂಪಿಯೇ ಗತಿ ಎನ್ನುವ ಹಳ್ಳಿಯವರಿಗೆ ಇದೇ ಕಲಂ ಆಸೆ ಹುಟ್ಟಿಸಿತು. ಜಗಳವೆಲ್ಲ ಆ ಒಂದು ಶಬ್ದದ್ದು, ವ್ಯಾಖ್ಯೆ ಕೇಳಿದ್ದರೆ ಇಬ್ಬರಿಗೂ ಉತ್ತರ ಸಿಗುತ್ತಿತ್ತು.

ಸಭೆಯ ಏರ್ಪಾಡು

ಮೂವತ್ತರಿಂದ ಐವತ್ತು ಜನ ಸಾಕು. ಇನ್ನೂರು ಜನ ಸೇರಿದರೆ ಅದು ಭಾಷಣ ಕೇಳುವ ಸಭೆಯಾಗುತ್ತದೆ, ಕಲಂ ಓದುವ ಸಭೆಯಾಗುವುದಿಲ್ಲ. ಹೊತ್ತು ಮಧ್ಯಾಹ್ನ ಎರಡೂವರೆಯಿಂದ ಐದು. ಆಗ ವೈದ್ಯರ ಬೆಳಗಿನ ಪಾಳಿ ಮುಗಿದು ಸಂಜೆಯದು ಇನ್ನೂ ಶುರುವಾಗಿರುವುದಿಲ್ಲ, ಹಳ್ಳಿಯಿಂದ ಬಂದ ಹೆಣ್ಣುಮಕ್ಕಳಿಗೂ ಮರಳಿ ಹೋಗಲು ಬಸ್ಸಿರುತ್ತದೆ. ಕಬ್ಬು ಕಟಾವಿನ ದಿನಗಳಲ್ಲಿ ಚಿಕ್ಕೋಡಿ, ಮುಧೋಳ, ಜಮಖಂಡಿ ಕಡೆ ವಾರದ ನಡುವೆ ಯಾರೂ ಬರಲಾರರು, ಭಾನುವಾರ ಇಟ್ಟುಕೊಳ್ಳಿ. ದವಾಖಾನೆಯ ಎದುರಿಗೆ ಮೈಕ್ ಹಾಕಬೇಡಿ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಬೇರೆಡೆ ಹಾಕುವುದಿದ್ದರೂ ಪೊಲೀಸ್ ಠಾಣೆಯ ಲಿಖಿತ ಅನುಮತಿ ಮೊದಲೇ ಕೈಯಲ್ಲಿರಲಿ.

ಕರೆಯಲೇಬೇಕಾದವರು: ಸಣ್ಣ ನರ್ಸಿಂಗ್ ಹೋಮ್ ನಡೆಸುವ ಒಬ್ಬ ವೈದ್ಯರು, ಸರ್ಕಾರಿ ವೈದ್ಯರೊಬ್ಬರು, ಆಶಾ ಕಾರ್ಯಕರ್ತೆ, ಆಯುರ್ವೇದ ಅಥವಾ ಹೋಮಿಯೋಪತಿ ಪದವೀಧರರು, ಡಯಾಲಿಸಿಸ್ ಅಥವಾ ಸಕ್ಕರೆ ಕಾಯಿಲೆಯ ಚಿಕಿತ್ಸೆಯಲ್ಲಿರುವವರ ಮನೆಯವರು, ಕಾನೂನು ಓದಬಲ್ಲ ಒಬ್ಬ ವಕೀಲರು. ವೈದ್ಯರನ್ನು ಒಬ್ಬರೇ ಬರುವಂತೆ ಕರೆಯಬೇಡಿ, ಕನಿಷ್ಠ ಮೂವರಿರಲಿ. ಐವತ್ತು ಜನರ ಮುಂದೆ ಒಬ್ಬರನ್ನೇ ಕೂರಿಸಿದರೆ ಅವರು ಕಟಕಟೆಯಲ್ಲಿ ನಿಂತಂತಾಗುತ್ತದೆ. ಆಮೇಲೆ ಮುಂದಿನ ಸಭೆಗೆ ಯಾವ ವೈದ್ಯರೂ ಬರುವುದಿಲ್ಲ. ಬೆಳಗಾವಿ, ನಿಪ್ಪಾಣಿ, ಖಾನಾಪುರದಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಬಲ್ಲವರೊಬ್ಬರು ಪಕ್ಕದಲ್ಲಿರಲಿ. ಮನೆಮಾತಿನಲ್ಲಿ ಕೇಳಿದರೆ ಮಾತ್ರ ಹೇಳುವ ನೋವುಗಳಿರುತ್ತವೆ.

ಕೈಗೆ ಕೊಡುವ ಹಾಳೆ ಒಂದೇ, ಅದರಲ್ಲಿ ಮೂರೇ ಕಲಂ. ಪ್ರತಿ ಕಲಮಿನ ಮೂಲ ಸಾಲು, ಅದರ ಕೆಳಗೆ ಸರಳ ಕನ್ನಡ, ಅದರ ಕೆಳಗೆ ಬರೆಯಲು ನಾಲ್ಕು ಬೆರಳು ಜಾಗ. ಪ್ರತಿ ಕಲಮಿಗೆ 40 ನಿಮಿಷ: ಓದಿ ತಿಳಿಸಲು 10, ಪರ ಮಾತಿಗೆ 10, ವಿರೋಧಕ್ಕೆ 10, "ಯಾವ ಶಬ್ದ ಬದಲಾದರೆ ಒಪ್ಪುತ್ತೀರಿ" ಎಂಬುದಕ್ಕೆ 10. ಉಳಿಯುವ ಅರ್ಧ ತಾಸು ಚಹಾಕ್ಕೆ ಮತ್ತು ತಡವಾಗಿ ಶುರುವಾಗುವುದಕ್ಕೆ.

ಸಭೆ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಯಾರೋ ಎದ್ದು ಇಂಥ ದವಾಖಾನೆ, ಇಂಥ ಡಾಕ್ಟರ್ ಎಂದು ಹೆಸರು ಹಿಡಿಯುತ್ತಾರೆ. ಅವರ ಸಂಕಟ ಸುಳ್ಳಲ್ಲ, ಆದರೆ ಆ ಕ್ಷಣದಿಂದ ಸಭೆ ಪಂಚಾಯಿತಿಯಾಗುತ್ತದೆ, ಮಾನನಷ್ಟದ ಮಾತೂ ಬರುತ್ತದೆ. ಅಧ್ಯಕ್ಷರು ಮೊದಲೇ ಹೇಳಿಬಿಡಲಿ: ಹೆಸರು ಬೇಡ, ದವಾಖಾನೆಯ ಬಿಲ್ಲಿನ ಸಾಲು ಹೇಳಿ. ಎಷ್ಟು ಡಿಪಾಜಿಟ್ ಕೇಳಿದರು, ಎಷ್ಟು ತಾಸು ಕಾಯಿಸಿದರು, ಬಿಲ್ಲಿನಲ್ಲಿ ವಿವರ ಇತ್ತೇ? ಖಾಸಗಿ ಸಂಸ್ಥೆಯ ಮೇಲಿನ ನಿರ್ದಿಷ್ಟ ದೂರಿಗೆ ಜಾಗ ಬೇರೆ ಇದೆ. ಕೆಪಿಎಂಇ ಅಡಿಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಕೇಸ್ ಪೇಪರ್, ರಸೀದಿಗಳ ಜೆರಾಕ್ಸ್ ಲಗತ್ತಿಸಿ ಅಲ್ಲಿಗೆ ಕೊಡಿಸಿ.

ಕೈ ಎತ್ತಿಸಿ ಮತ ಹಾಕಿಸಬೇಡಿ. ಗೋಡೆಗೆ ಹಾಳೆ ಅಂಟಿಸಿ ಮೂರು ಅಂಕಣ ಎಳೆಯಿರಿ: ಒಪ್ಪಿಗೆ, ವಿರೋಧ, ಬದಲಾದರೆ ಒಪ್ಪಿಗೆ. ಮೂರನೆಯದು ತುಂಬಿದರೆ ಸಭೆ ಗೆದ್ದಂತೆ. 2017ರ ನವೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದ ಹೊತ್ತಿಗೆ ಕೆಪಿಎಂಇ ತಿದ್ದುಪಡಿಯ ವಿರುದ್ಧ ಖಾಸಗಿ ವೈದ್ಯರು ಬೀದಿಗಿಳಿದಾಗಲೂ ಕಗ್ಗಂಟು ಬಿಚ್ಚಿದ್ದು ಇಂಥ "ಬದಲಾದರೆ ಒಪ್ಪಿಗೆ"ಯಿಂದಲೇ. ವೈದ್ಯರಿಗೆ ಜೈಲು ಎಂಬ ಅಂಶ ಸಡಿಲವಾಯಿತು, ರೋಗಿಗಳ ಹಕ್ಕುಗಳ ಪಟ್ಟಿಯಾದ ಸನ್ನದು ಉಳಿಯಿತು. ಬಾಕಿ ಹಣಕ್ಕಾಗಿ ಶವ ಹಿಡಿದಿಟ್ಟುಕೊಳ್ಳಬಾರದು ಎಂಬುದೂ ಉಳಿಯಿತು. 2023ರ ಮಾರ್ಚ್‌ನಲ್ಲಿ ರಾಜಸ್ಥಾನ, ತುರ್ತು ಹೊತ್ತಿನಲ್ಲಿ ಮುಂಗಡ ಕೇಳದೆ ಚಿಕಿತ್ಸೆ ಕೊಡಬೇಕೆನ್ನುವ ಆರೋಗ್ಯದ ಹಕ್ಕಿನ ಕಾಯ್ದೆ ಪಾಸು ಮಾಡಿದಾಗ ಖಾಸಗಿ ವೈದ್ಯರ ಪ್ರಶ್ನೆ ಎರಡು: "ತುರ್ತು" ಎಂದರೆ ಯಾವುದು, ಮುಂಗಡ ಇಲ್ಲದೆ ಕೊಟ್ಟ ಚಿಕಿತ್ಸೆಯ ಹಣ ಯಾರು, ಯಾವಾಗ ಕೊಡುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ತುರ್ತು ಹೊತ್ತಿನಲ್ಲಿ ಜೀವ ಉಳಿಸುವುದು ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ, ಆದ್ದರಿಂದ ಚಿಕಿತ್ಸೆ ಕೊಡಬೇಕೇ ಬೇಡವೇ ಎಂದು ವಾದಿಸುವ ಅಗತ್ಯವಿಲ್ಲ. ಹಣ ಮರಳಿಸುವ ಗಡುವು ಎಷ್ಟು ದಿನ ಎಂಬುದನ್ನು ಚರ್ಚಿಸಿ.

ದಿಲ್ಲಿಗೆ ಕಳಿಸುವುದು

ದಾರಿಗಳು ಮೂರು, ಗಡುವು ಬೇರೆ ಬೇರೆ. ಮಸೂದೆ ಇನ್ನೂ ಕರಡಾಗಿದ್ದರೆ ಸಚಿವಾಲಯ ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು ಎನ್ನುವುದು 2014ರ ಶಾಸನಪೂರ್ವ ಸಮಾಲೋಚನಾ ನೀತಿ. ಅದು ನೀತಿ ಮಾತ್ರ, ಕಾನೂನಲ್ಲ, ತಪ್ಪುವುದೂ ಉಂಟು.

ಮಸೂದೆ ಮಂಡನೆಯಾಗಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣದ ಸಂಸದೀಯ ಸ್ಥಾಯಿ ಸಮಿತಿಗೆ ಹೋದರೆ ಅದೇ ನಿಮ್ಮ ಒಳ್ಳೆಯ ಅವಕಾಶ. ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುವ ಸಮಿತಿ ಇದು, ಕಚೇರಿ ರಾಜ್ಯಸಭಾ ಸಚಿವಾಲಯದಲ್ಲಿ. ಸಮಿತಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಅಭಿಪ್ರಾಯ ಕೇಳುತ್ತದೆ, ಸಮಯ ಸಾಮಾನ್ಯವಾಗಿ 15 ದಿನ. ಮನವಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಕನ್ನಡದಲ್ಲಿ ಬರೆದು, ಅನುವಾದಕ್ಕೆ ಮೂರು ದಿನ ಮೀಸಲಿಡಿ. ಖುದ್ದಾಗಿ ಮಾತಾಡುವ ಇಚ್ಛೆಯಿದ್ದರೆ ಅದನ್ನೂ ಬರೆಯಿರಿ. ಕೊಟ್ಟ ಮನವಿ ಸಮಿತಿಯ ದಾಖಲೆಯಾಗಿ ಗೋಪ್ಯವಾಗಿರುತ್ತದೆ, ಅದನ್ನು ವಾಟ್ಸಾಪ್‌ನಲ್ಲಿ ಹಂಚಬೇಡಿ. ಈ ದಾರಿ ಫಲ ಕೊಡುತ್ತದೆ. 2017ರ ವೈದ್ಯಕೀಯ ಆಯೋಗ ಮಸೂದೆಯಲ್ಲಿ ಆಯುರ್ವೇದ, ಹೋಮಿಯೋಪತಿಯಂಥ ಆಯುಷ್ ವೈದ್ಯರಿಗೆ ಆಧುನಿಕ ಔಷಧ ಬರೆಯಲು ದಾರಿ ಮಾಡುವ ಬ್ರಿಡ್ಜ್ ಕೋರ್ಸ್ ಇತ್ತು. ಸಮಿತಿ 2018ರ ಮಾರ್ಚ್‌ನಲ್ಲಿ ವರದಿ ಕೊಟ್ಟ ಮೇಲೆ, ಅದೇ ತಿಂಗಳು ಸಚಿವ ಸಂಪುಟ ಆ ಅಂಶ ಕೈಬಿಟ್ಟಿತು.

ಸಮಿತಿಗೆ ಹೋಗದಿದ್ದರೆ ಉಳಿಯುವುದು ನಿಮ್ಮ ಸಂಸದರು. 2019ರ ವೈದ್ಯಕೀಯ ಆಯೋಗ ಮಸೂದೆ ಜುಲೈ 22ರಂದು ಮಂಡನೆಯಾಗಿ 29ಕ್ಕೆ ಲೋಕಸಭೆಯಲ್ಲಿ ಪಾಸಾಯಿತು, ನಡುವೆ ಒಂದೇ ವಾರ. ಸದಸ್ಯರು ತಿದ್ದುಪಡಿ ಸೂಚನೆಯನ್ನು ಚರ್ಚೆಯ ಹಿಂದಿನ ದಿನದೊಳಗೆ ಕೊಡಬೇಕು. ಸಂಸದರ ಕಚೇರಿಗೆ ಆರು ಪುಟದ ಭಾವನೆ ಬೇಡ, ಅರ್ಧ ಪುಟ ಸಾಕು: ಕಲಂ ಸಂಖ್ಯೆ, ಈಗಿರುವ ಸಾಲು, ಬೇಕಾದ ಸಾಲು, ಎರಡು ವಾಕ್ಯದ ಕಾರಣ, ತಾಲೂಕಿನ ಒಂದು ಉದಾಹರಣೆ. ಯಾರ ಬಳಿ ಹೋಗಬೇಕೆಂಬುದರಲ್ಲೂ ಎಡವಟ್ಟಾಗುತ್ತದೆ. ಖಾನಾಪುರ ಮತ್ತು ಕಿತ್ತೂರು ಬೆಳಗಾವಿ ಜಿಲ್ಲೆಯಲ್ಲಿದ್ದರೂ ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಹುಕ್ಕೇರಿ, ಯಮಕನಮರಡಿ ಚಿಕ್ಕೋಡಿಗೆ.

ಒಮ್ಮತ ಆಗಲಿಲ್ಲವೆಂದು ಮನವಿ ಕೈಬಿಡಬೇಡಿ. ಭಿನ್ನಾಭಿಪ್ರಾಯವನ್ನು ಇದ್ದ ಹಾಗೇ ಬರೆಯಿರಿ: "ಸಣ್ಣ ದವಾಖಾನೆಗಳ ವೈದ್ಯರು ಈ ಗಡುವನ್ನು ವಿರೋಧಿಸಿದರು, ರೋಗಿಗಳ ಕಡೆಯವರು ಇದೇ ಬೇಕೆಂದರು, 30 ದಿನ ಎಂದಾದರೆ ಇಬ್ಬರೂ ಒಪ್ಪುವರು." ಎಲ್ಲರೂ ಒಂದೇ ದನಿ ಎಂದು ನಟಿಸುವ ಮನವಿಗಿಂತ ಇದಕ್ಕೆ ತೂಕ ಹೆಚ್ಚು.

ಪಾಸಾದ ಮೇಲೆ

ನೀವು ಪೆನ್ಸಿಲ್‌ನಲ್ಲಿ ಗೆರೆ ಎಳೆದ ಶಬ್ದಗಳಿಗೆ ಅರ್ಥ ತುಂಬುವುದು ಈಗ. ಕರಡು ನಿಯಮ, ವಿನಿಯಮಗಳು ಪ್ರಕಟವಾದಾಗ ಆಕ್ಷೇಪಣೆಗೆ ದಿನಗಳನ್ನು ಕೊಡುತ್ತಾರೆ. ಮುಷ್ಕರದ ಬಿಸಿ ಆರಿರುವ ಈ ಹೊತ್ತಿನಲ್ಲಿ ಬರೆಯುವವರು ಕಡಿಮೆ. ಸಭೆಗೆ ಬಂದವರಲ್ಲಿ ಇಬ್ಬರು ತಿಂಗಳಿಗೊಮ್ಮೆ ಸಚಿವಾಲಯದ ಮತ್ತು ಆಯೋಗದ ಜಾಲತಾಣ ನೋಡುವ ಹೊಣೆ ಹೊರಲಿ. ಕರಡಿಗೆ ಬಂದ ಅಭಿಪ್ರಾಯಗಳ ಸಾರಾಂಶ ಪ್ರಕಟವಾಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಆ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು, ಕಾಯ್ದೆಯ 6ನೇ ಕಲಂ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಗೆ ಜಾಗ ಕೊಟ್ಟಿದೆ. ಉತ್ತರಕ್ಕೆ 30 ದಿನ.